ಶುದ್ಧ ಪೈಥಾನ್ ಮನೆತನ

ಸಂಬಂಧ ಕುದುರಿಸುವಾಗ ಜಾತಿ ಕೇಳುವುದು ನಿಂತುಹೋಗಿತ್ತು; ಈಗ ಪ್ರೋಗ್ರಾಮಿಂಗ್ ಭಾಷೆ ಕೇಳುತ್ತಿದ್ದರು. ವರನ ತಾಯಿ ಇಂದುಮತಿ ಕಾಫಿ ಮುಟ್ಟುವ ಮೊದಲೇ ವಿಷಯಕ್ಕೆ ಬಂದರು.

“ನಾವು ತಾತನ ಕಾಲದಿಂದ ಶುದ್ಧ ಪೈಥಾನ್. ನಿಂದ್ಯಾವುದಮ್ಮ?”

“ಕೆಲಸಕ್ಕೆ ಸೇರಿದಾಗ ಸಿ. ಆಮೇಲೆ ಜಾವಾ, ಪೈಥಾನ್, ರಸ್ಟ್,” ಎಂದಳು ಶಾರ್ವರಿ. “ಈಗಲೂ ಮನಸ್ಸಿಗೆ ಹಿಡಿಸೋದು ಸಿ.”

“ಅಯ್ಯೋ, ನಾಲ್ಕು ಕಂಡವಳು!” ಇಂದುಮತಿ ಮಗನ ಕೈ ಹಿಡಿದು ಎದ್ದೇಬಿಟ್ಟರು.

ಶಾರ್ವರಿಗೆ ರೇಗಿತು. “ಆಂಟಿ, ನಿಮಗೆ ಪೇಸ್‌ಮೇಕರ್ ಹಾಕಿದ್ದಾರೆ ಅಂತ ನಿಮ್ಮ ಮಗ ಹೇಳಿದ್ರು. ಅದು ಓಡೋದೂ ಸಿ ಭಾಷೇಲೇ.”

ಇಂದುಮತಿ ಎದೆ ಹಿಡಿದುಕೊಂಡು ಕುಸಿದು ಕೂತರು. ಮಗ ಗಾಬರಿಯಾದ. “ಡಾಕ್ಟರಿಗೆ ಫೋನ್ ಮಾಡ್ಲಾ ಅಮ್ಮ?”

“ಮಾಡೋ! ಪೈಥಾನಿನದು ಸಿಗೋವರೆಗೂ ಇದನ್ನ ಆಫ್ ಮಾಡಿಡೋಕೆ ಹೇಳು!”