ಅಮ್ಮ ಪಾರಾಯಣಕ್ಕೆ ಕುಳಿತ ಮಧ್ಯಾಹ್ನ

ಇಂದಿಗೂ ಆಟೋದಲ್ಲಿ ಪಕ್ಕದವರ ಬಾಯಿಯಿಂದ ಜರ್ದಾ ಪಾನಿನ ವಾಸನೆ ಬಂದರೆ ನಾನು ತೋಳು ಒರೆಸಿಕೊಳ್ಳುತ್ತೇನೆ.

ಅಪ್ಪ ತೀರಿಕೊಂಡ ಮರುತಿಂಗಳ ಒಂದು ಮಧ್ಯಾಹ್ನ. ಶಿವಾಲ ಎಂಬ ನದಿ ಘಾಟಿನ ಓಣಿಯಲ್ಲಿ ನಾವು ವಾಸವಿದ್ದ ಕೋಣೆಯನ್ನು ಯಾತ್ರಿಕರಿಗೆ ಕೊಡುವ ಸಲುವಾಗಿ ದೊಡ್ಡಪ್ಪ ಅವರನ್ನು ಕರೆದುಕೊಂಡೇ ಬಂದರು. ಕರ್ನಾಟಕದಿಂದ ಬಂದವರಿಗೆ ಘಾಟಿನಲ್ಲಿ ಶ್ರಾದ್ಧ ಮಾಡಿಸುವ ಪುರೋಹಿತರು ದೊಡ್ಡಪ್ಪ. ತುಟಿಯಂಚಿನಿಂದ ಇಳಿಯುತ್ತಿದ್ದ ಕೆಂಪು ಜೊಲ್ಲನ್ನು ವಿಭೂತಿ ಹಚ್ಚಿದ್ದ ಕೈಯಿಂದಲೇ ಒರೆಸಿಕೊಂಡರು.

ಅಮ್ಮ ಪುರಾಣದ ಪುಸ್ತಕ ತೆರೆದು ಕುಳಿತಿದ್ದಳು.

"ಏನಮ್ಮಾ, ಸಾಮಾನ್ ಇನ್ನೂ ಕಟ್ಟಿಲ್ವಾ? ಠೇಲೆ ಗಾಡಿಯವನು ಕಾಯ್ತಿದಾನೆ. ಮನೆ-ಮಠ ಎಲ್ಲ ಮಾಯೆ ಅಂತ ಅದರಲ್ಲೇ ಇದೆಯಲ್ಲ!" ಎಂದು ದೊಡ್ಡಪ್ಪ ನಕ್ಕರು. ನಕ್ಕಾಗ ಸಿಡಿದ ಹನಿಗಳು ನನ್ನ ತೋಳಿನ ಮೇಲೆ ಬೆಚ್ಚಗೆ ಬಿದ್ದವು.

"ಸಂಕಲ್ಪ ಮಾಡಿ ಕೂತಿದೀನಿ ಭಾವ. ಪಾರಾಯಣಕ್ಕೆ ಕೂತೋರನ್ನ ನಡುವೆ ಎಬ್ಬಿಸಿದ್ರೆ ಪಾಪ ಅಂತ ಎಲ್ಲರಿಗೂ ಹೇಳೋರು ನೀವೇ ತಾನೆ?"

ಯಾತ್ರಿಕರು ಭಕ್ತಿಯಿಂದ ಕೈ ಮುಗಿದರು. ಅವರೆದುರು ದೊಡ್ಡಪ್ಪ ತಲೆಯಾಡಿಸಿ, ಹೊರಗಿನ ಮೆಟ್ಟಿಲಲ್ಲಿ ಕುಳಿತು, ಮೋರಿಗೆ ಉಗುಳುತ್ತ ಕಾದರು.

ಸಂಜೆಗೆ ಕೊನೆಯ ಅಧ್ಯಾಯ ಮುಗಿಯಿತು. "ಚಲೋ, ಆಯ್ತಲ್ಲ," ಎಂದು ದೊಡ್ಡಪ್ಪ ಎದ್ದರು.

ಅಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಮತ್ತೆ ಮೊದಲ ಪುಟ ತೆರೆದು, ಬೀದಿಗೆಲ್ಲ ಕೇಳುವಂತೆ ಓದತೊಡಗಿದಳು.