ಕಲೋನಿನ ಅರ್ಧ ಗಂಟೆ

"ಒಳಗಿನ ಫೋಟೋ ಎಲ್ಲಿ?" ಆನ್ಸೆಲ್ಮ್ ಹೆಂಡತಿಯ ಫೋನನ್ನು ಎರಡು ಸಲ ಜಾಲಾಡಿದ. ಜರ್ಮನಿಯ ಕಲೋನ್ ನಗರದ ಕೆಥೆಡ್ರಲ್ ಚರ್ಚು ಹೊರಗಿನಿಂದ ಹದಿನಾರು ಫೋಟೋಗಳಲ್ಲಿತ್ತು. ಆಕಾಶ ಚುಚ್ಚುವ ಎರಡು ಕಪ್ಪು ಗೋಪುರ, ಎದುರಿಗೆ ಗಾಲಿಕುರ್ಚಿಯಲ್ಲಿ, ಅವಳು ಕೆಲಸಕ್ಕಿರುವ ಮನೆಯ ಮೇಡಂನ ತಾಯಿ. ಒಳಗಿನದು ಒಂದೂ ಇಲ್ಲ.

ಚರ್ಚಿನಲ್ಲಿ ಶುಕ್ರವಾರದ ಪೂಜೆ ಮುಗಿಸಿ ಇಬ್ಬರೂ ನಜ್ಮಾ ಬಡಾವಣೆಯ ಕೆಫೆಟೇರಿಯಾಕ್ಕೆ ಬಂದಿದ್ದರು. ಮದುವೆಯಾಗಿ ಒಂಬತ್ತು ವರ್ಷ. ದುಡಿಮೆ ಗಲ್ಫಿನ ಒಂದೇ ಊರಿನಲ್ಲಾದರೂ ಪ್ಯಾಟ್ರಿಷಿಯಾಳ ವಾಸ ಮೇಡಂನ ಮನೆಯಲ್ಲಿ, ಬಡಗಿ ಆನ್ಸೆಲ್ಮನದು ಆರು ಮಂದಿಯ ರೂಮಿನಲ್ಲಿ. ವಾರಕ್ಕೆರಡು ಗಂಟೆಯ ಸಂಸಾರ. ಮೇಡಂ ತಾಯಿಯ ಚಿಕಿತ್ಸೆಗೆಂದು ಜರ್ಮನಿಗೆ ಹೋಗುವಾಗ ಪ್ಯಾಟ್ರಿಷಿಯಾಳನ್ನೂ ಕರೆದೊಯ್ದದ್ದರಿಂದ ಐದು ವಾರ ಅದೂ ಇರಲಿಲ್ಲ.

"ಏಳುನೂರು ವರ್ಷ ಹಳೇ ಮರದ ಕೆತ್ತನೆ ಉಂಟಂತೆ ಅಲ್ಲಿ. ಅದೊಂದು ಫೋಟೋ ತೆಗಿ ಅಂತ ಎಷ್ಟು ಸಲ ಹೇಳಿದ್ದೆ ಮಾರಾಯ್ತಿ!"

"ಒಳಗೆ ಹೋಗ್ಲಿಕ್ಕೆ ಸಿಕ್ಕಿದ್ದೇ ಕೊನೇ ದಿನ. ಅರ್ಧ ಗಂಟೆ."

"ಅಷ್ಟು ಸಾಕಲ್ಲ? ಎಂತ ಮಾಡಿದೆ ಮತ್ತೆ?"

"ಕೂತೆ."

"ಬರೀ ಕೂತದ್ದಾ?" ಆನ್ಸೆಲ್ಮನಿಗೆ ರೇಗಿತು. ತನ್ನ ಜನ್ಮದಲ್ಲಿ ನೋಡಲಾಗದ್ದು ಇವಳ ಕಣ್ಣಿಗಾದರೂ ಬಿದ್ದಿತ್ತು. ಅದನ್ನೂ ಹಾಳುಮಾಡಿಕೊಂಡು ಬಂದಿದ್ದಾಳೆ. ಅರ್ಧ ಕುಡಿದ ಚಹಾವನ್ನು ಅತ್ತ ತಳ್ಳಿದ.

ಪ್ಯಾಟ್ರಿಷಿಯಾ ಅದನ್ನು ತಿರುಗಿ ಅವನೆದುರಿಗೆ ಸರಿಸಿದಳು. "ಎಷ್ಟು ಎತ್ತರ ಗೊತ್ತುಂಟಾ? ಬಣ್ಣದ ಗಾಜಿಂದ ಬಿಸಿಲು ಇಳಿದು ನೆಲವೆಲ್ಲ ಕೆಂಪು, ನೀಲಿ. ಇದನ್ನು ಒಬ್ಬಳೇ ಹೇಗೆ ನೋಡುದು ಅಂತ ಆಯ್ತು. ಒಂದು ಬೆಂಚಲ್ಲಿ ಕೂತೆ, ಪಕ್ಕದಲ್ಲಿ ಬ್ಯಾಗಿಟ್ಟೆ. ತುಂಬ ಜನ ಇದ್ರು. ಒಬ್ರು ಅಜ್ಜಿ ಬಂದು, ಇಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು."

"ನೀನು ಎಂತ ಹೇಳಿದೆ?"

"ಗಂಡ ಬರ್ತಾರೆ ಅಂದೆ. ಆಮೇಲೆ ಮತ್ತೂ ಇಬ್ರು ಕೇಳಿದ್ರು. ಅವರಿಗೂ ಅದೇ ಹೇಳಿದೆ. ಸುಳ್ಳು ಹೇಳ್ತಾ ಇದ್ದೇನೆ ಅಂತ ಅನಿಸ್ಲೇ ಇಲ್ಲ ನಂಗೆ. ಎದ್ದು ಹೋದ್ರೆ ಆ ಜಾಗ ಬೇರೆಯವರದ್ದಾಗ್ತದಲ್ಲ? ಅದಕ್ಕೇ ಫೋಟೋ ತೆಗಿಲಿಕ್ಕೆ ಆಗ್ಲಿಲ್ಲ."

ಹೊರಗೆ ಕಾರಿನ ಹಾರನ್ ಕೇಳಿತು. ಮೇಡಂನ ಡ್ರೈವರ್. ಪ್ಯಾಟ್ರಿಷಿಯಾ ಶಾಲು ಸರಿಮಾಡಿಕೊಂಡು ಎದ್ದಳು. ಆನ್ಸೆಲ್ಮ್ ಅವಳ ಹಿಂದೆಯೇ ಬಿಸಿಲಿಗೆ ಬಂದು ಕಾರಿನ ಬಾಗಿಲು ತೆರೆದ. ಅವಳು ಕೂತ ಮೇಲೂ ಬಾಗಿಲು ಹಾಕದೆ ನಿಂತ.

"ಸಾರಿ ಮಾರಾಯ್ತಿ," ಎಂದ, ಡ್ರೈವರಿಗೆ ಕೇಳದ ಹಾಗೆ. "ನಂಗೆ ಬರ್ಲಿಕ್ಕೆ ಸ್ವಲ್ಪ ತಡ ಆಯ್ತು."