ಕ್ಷೌರಿಕನ ಸವತಿ

ನಿಂಬೆಗಿಡದ ಕುಂಡ ಮನೆಯೊಳಗೆ ಬಂದ ದಿನವೇ ಕ್ಷೌರಿಕನ ಕುರ್ಚಿ ಕಿಟಕಿಯ ಬಳಿಯಿಂದ ಬಾಗಿಲ ಸಂದಿಗೆ ಹೋಯಿತು. ಎರಡನೇ ಮಹಡಿಯ ಆ ಮನೆಗೆ ಬಿಸಿಲು ಬರುತ್ತಿದ್ದುದು ಅದೊಂದೇ ಕಿಟಕಿಯಿಂದ. ಬಿಸಿಲು ಗಿಡಕ್ಕೆ ಬೇಕು, ಗಂಡನಿಗೆ ಬೇಡ ಎಂದು ಹೆಂಡತಿ ತೀರ್ಮಾನಿಸಿಬಿಟ್ಟಿದ್ದಳು.

ಈಗಂತೂ ಗಿಡ ಮೈತುಂಬ ಹೂ ಬಿಟ್ಟು ಕೂತಿತ್ತು. ಅವಳು ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತ, "ನನ್ನ ಬಂಗಾರ, ನಿನ್ನೆಗಿಂತ ಕಳೆಯಾಗಿದ್ದೀಯ" ಎನ್ನುತ್ತಿದ್ದಳು. ಮದುವೆಯಾದಂದಿನಿಂದ ಕ್ಷೌರಿಕನಿಗೆ ಸಿಕ್ಕ ಬಿರುದು 'ರೀ' ಒಂದೇ.

"ಅದರ ಜೊತೆ ಆಡೋ ಮಾತಲ್ಲಿ ಅರ್ಧ ನನ್ನ ಜೊತೆ ಆಡಬಾರದೇನೇ?"

"ನಿಮಗೇನ್ರೀ, ಅಂಗಡೀಲಿ ಊರೆಲ್ಲಾ ಮಾತು, ಮನೆಗೆ ಬಂದ್ರೆ ಬಾಯಿಗೆ ಬೀಗ. ಇದು ಹೇಳಿದ್ದೆಲ್ಲ ಕೇಳುತ್ತೆ."

"ಕಾಯಿ ಬಿಡು ಅಂದ್ರೆ ಮಾತ್ರ ಕೇಳಲ್ಲ, ಅಲ್ವಾ?"

ಅವಳ ಮುಖ ಸಣ್ಣಗಾಯಿತು. ಹೋದ ಸಲವೂ ಹೂವೆಲ್ಲ ಉದುರಿಹೋಗಿತ್ತು. "ಈ ಸಲವೂ ಹಾಗೇ ಆದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದು ಚೀಲ ಹಿಡಿದು ಸಂತೆಗೆ ಹೊರಟಳು. ಕ್ಷೌರಿಕನ ಕಿವಿ ನೆಟ್ಟಗಾಯಿತು.

ಹೂವನ್ನು ಕೈಯಲ್ಲಿ ಕಿತ್ತರೆ ಸಿಕ್ಕಿಬೀಳುತ್ತೇನೆ, ತಾನಾಗಿ ಉದುರಿದ ಹಾಗಿರಬೇಕು ಎಂದುಕೊಂಡು ಅವನು ಕಸುಬಿನ ಚೀಲದಿಂದ ಗಿರಾಕಿಗಳ ಕತ್ತಿನ ಮೇಲಿನ ಕೂದಲು ಕೊಡವುವ ಬ್ರಷ್ ತೆಗೆದ. ಗಂಡಸಿಗೂ ಸವತಿ ಇರುತ್ತಾಳೆಂದು ಅವನಿಗೆ ಗೊತ್ತಾಗಿದ್ದೇ ಈ ಗಿಡ ಬಂದಮೇಲೆ. "ಉದುರೇ, ಉದುರೇ ಸವತಿ" ಎನ್ನುತ್ತ ಹೂವಿನಿಂದ ಹೂವಿಗೆ ಬ್ರಷ್ ಆಡಿಸಿದ. ಆದರೆ ಜೀವಮಾನವೆಲ್ಲ ಕತ್ತು ನೋಯಿಸದೆ ದುಡಿದ ಕೈ ಅದು. ಎದೆಯಲ್ಲಿದ್ದ ಸಿಟ್ಟು ಬೆರಳಿಗೆ ಇಳಿಯಲೇ ಇಲ್ಲ. ನಾಲ್ಕಾರು ಎಸಳು ಬಿದ್ದವು, ಅಷ್ಟೇ.

ಕೆಲವು ವಾರ ಕಳೆದವು. ಹೂ ಒಣಗಿದ ಜಾಗದಲ್ಲಿ ಹಸಿರು ಮಣಿಗಳಂಥ ಕಾಯಿ ಕಾಣಿಸಿಕೊಂಡವು. ಕ್ಷೌರಿಕ ಕಣ್ಣು ಉಜ್ಜಿಕೊಂಡು ನೋಡುತ್ತಿದ್ದಾಗ ಹೆಂಡತಿ ಅದೇ ಬ್ರಷ್ ಹಿಡಿದು ಬಂದಳು.

"ಮನೆಯೊಳಗೆ ಜೇನುಹುಳ ಬರಲ್ಲ, ಹೂವಿಂದ ಹೂವಿಗೆ ಪುಡಿ ದಾಟಿಸೋರು ಯಾರಾದ್ರೂ ಬೇಕು ಅಂತ ಗಿಡ ಮಾರೋನು ಇವತ್ತು ಹೇಳಿದ. ಅವತ್ತು ಈ ಬ್ರಷ್ ತೊಳೆಯುವಾಗ ಇದರ ತುಂಬ ಹಳದಿ ಪುಡಿ ಯಾಕಿತ್ತು ಅಂತ ಈಗ ಗೊತ್ತಾಯ್ತು. ಏನು ಕೈಗುಣ ರೀ ನಿಮ್ದು."

ನಿಜ ಗಂಟಲವರೆಗೆ ಬಂದು ವಾಪಸು ಹೋಯಿತು. "ಏನೋ... ಮೆತ್ತಗೆ ಆಡಿಸಿದೆ ಅಷ್ಟೇ ಕಣೇ" ಎಂದ.

ಅವಳು ಬ್ರಷ್ಷನ್ನು ತನ್ನ ಕೆನ್ನೆಗೆ ಒಮ್ಮೆ ಸವರಿಕೊಂಡಳು. ಆಮೇಲೆ ಗಿಡವನ್ನು ನೋಡಿದಳು. ಆ ನೋಟ ಎಂದಿನದಾಗಿರಲಿಲ್ಲ.

"ನಿಮ್ಮ ಕೈ ಎಷ್ಟು ಮೆತ್ತಗಿದೆ ಅಂತ ಬೀದಿಯ ಗಂಡಸರ ಕತ್ತಿಗೆಲ್ಲ ಗೊತ್ತು. ಈಗ ಈ ಗಿಡಕ್ಕೂ ಗೊತ್ತಾಯ್ತು" ಎಂದಳು. "ನನಗೊಬ್ಬಳಿಗೇ ಗೊತ್ತಿಲ್ಲ ನೋಡಿ."